ಉದ್ಘಾಟನೆಯಾಯಿತು, ಬಾಗಿಲು ತೆರೆಯುವುದು ಯಾವಾಗ?

ಹೊರನಾಡಿನ ಕನ್ನಡ ಸಂಘಗಳು ಕಟ್ಟಡ ಕಟ್ಟುವುದರಲ್ಲಿ ತೋರಿಸುತ್ತ ಬಂದಿರುವ ಉತ್ಸಾಹ ಸಣ್ಣದಲ್ಲ. ಸಭಾಗೃಹ, ಮದುವೆಯ ಮಂಟಪ, ಅತಿಥಿಗೃಹ, ಕಚೇರಿ ಎಲ್ಲವೂ ನಕಾಶೆಯಲ್ಲಿ ಜಾಗ ಪಡೆದ ಮೇಲೆ ಉಳಿದ ಮೂಲೆಗೆ 'ಗ್ರಂಥಾಲಯ' ಎಂಬ ಹೆಸರು ಬೀಳುತ್ತದೆ. ಒಂದು ಶುಭದಿನ ಅದರ ಉದ್ಘಾಟನೆಯೂ ಆಗುತ್ತದೆ. ಬೆಂಗಳೂರಿನಿಂದ ಮಂತ್ರಿಗಳೊಬ್ಬರು, ಧಾರವಾಡದಿಂದಲೋ ಮೈಸೂರಿನಿಂದಲೋ ಸಾಹಿತಿಗಳೊಬ್ಬರು ಬರುತ್ತಾರೆ. ದೀಪ ಬೆಳಗುತ್ತದೆ, ನಾಡಗೀತೆ ಮೊಳಗುತ್ತದೆ, ದಾನಿಗಳ ಕೊರಳಿಗೆ ಹಾರ, ಹೆಗಲಿಗೆ ಶಾಲು. ಗಾಜಿನ ಕಪಾಟುಗಳ ಮುಂದೆ ಎಲ್ಲರೂ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಊಟವಾಗುತ್ತದೆ. ಮರುದಿನ ಆ ಕೋಣೆಗೆ ಬೀಗ ಬೀಳುತ್ತದೆ. ಬೀಗದ ಕೈ ಕಾರ್ಯದರ್ಶಿಗಳ ಮನೆಯಲ್ಲಿರುತ್ತದೆ. ಕಾರ್ಯದರ್ಶಿಗಳು ಮೂರು ರೈಲು ನಿಲ್ದಾಣಗಳ ಆಚೆ ಇರುತ್ತಾರೆ.

ಎಲ್ಲ ಸಂಘಗಳೂ ಹೀಗೆಯೇ ಎಂದು ಯಾರೂ ಹೇಳಲಾರರು. ದಶಕಗಳ ಕಾಲ ಸ್ವಂತ ದುಡ್ಡಿನಿಂದ ಪುಸ್ತಕ ತಂದು, ರಟ್ಟು ಹಾಕಿಸಿ, ದಾಖಲೆ ಬರೆದು, ಸಂಜೆಯಾದರೆ ಬಾಗಿಲು ತೆಗೆದು ಕುಳಿತ ಹಿರಿಯರು ನಮ್ಮ ನಡುವೆ ಇದ್ದರು. ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಆದರೆ ಒಟ್ಟಾರೆಯಾಗಿ ನಮ್ಮ ಸಂಘಗಳ ರೂಢಿ ಯಾವುದು, ಅಪವಾದ ಯಾವುದು ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿಯದ ಸಂಗತಿಯಲ್ಲ. ಉದ್ಘಾಟನೆಯೆಂಬುದು ಒಂದು ಗಂಟೆಯ ಕೆಲಸ. ಗ್ರಂಥಾಲಯ ತೆರೆಯುವುದು ಆ ಮರುದಿನದಿಂದ ಪ್ರತಿದಿನದ ಕೆಲಸ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮಾಡಿದ್ದೇವೆಂದು ನಂಬಿಕೊಳ್ಳುವುದು ನಮ್ಮ ಸಾಂಸ್ಕೃತಿಕ ಬದುಕಿನ ಅತಿ ದೊಡ್ಡ ಆತ್ಮವಂಚನೆಗಳಲ್ಲಿ ಒಂದು. ನನ್ನ ವಾದ ಇಷ್ಟು: ಸಂಘದ ಗ್ರಂಥಾಲಯ ಸದಸ್ಯನಲ್ಲದವನಿಗೂ ತೆರೆದ ಸಾರ್ವಜನಿಕ ಗ್ರಂಥಾಲಯವಾಗದ ಹೊರತು ಅದು ಕನ್ನಡದ ಕೆಲಸವೆನಿಸಲಾರದು, ಮತ್ತು ಹಾಗೆ ತೆರೆಯದಿರುವುದಕ್ಕೆ ನಾವು ಕೊಡುತ್ತಿರುವ ಕಾರಣಗಳಲ್ಲಿ ಒಂದೂ ನಿಲ್ಲುವಂಥದಲ್ಲ.

ಗ್ರಂಥಾಲಯ ಶಾಸ್ತ್ರಕ್ಕೆ ಈ ದೇಶದಲ್ಲಿ ತಳಹದಿ ಹಾಕಿದ ಎಸ್. ಆರ್. ರಂಗನಾಥನ್ ತಮಿಳುನಾಡಿನ ಶಿಯಾಳಿಯಲ್ಲಿ 1892ರಲ್ಲಿ ಹುಟ್ಟಿದವರು. ಬಾಳಿನ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು ಪುಸ್ತಕದ ಸಾರ್ಥಕತೆಯನ್ನು ಅದರ ಬಳಕೆಯಲ್ಲಿ ಕಾಣುತ್ತದೆ. ಇದು ಯಾರೂ ಒಪ್ಪುವ ಮಾತು. ಆದರೆ ರಂಗನಾಥನ್ ಒಪ್ಪಿಗೆಯ ತಲೆದೂಗುವಿಕೆಗೆ ನಿಲ್ಲಲಿಲ್ಲ. ಪುಸ್ತಕ ಬಳಕೆಗಾಗಿ ಇರುವುದು ನಿಜವಾದರೆ ಗ್ರಂಥಾಲಯ ಎಲ್ಲಿರಬೇಕು, ಯಾವ ವೇಳೆಯಲ್ಲಿ ತೆರೆದಿರಬೇಕು, ಅದರ ಪೀಠೋಪಕರಣ ಹೇಗಿರಬೇಕು, ಅಲ್ಲಿ ಕೂರುವ ಮನುಷ್ಯ ಎಂಥವನಿರಬೇಕು ಎಂದು ಒಂದೊಂದಾಗಿ ಕೇಳುತ್ತ ಹೋದರು. ಈ ನಾಲ್ಕು ಪ್ರಶ್ನೆಗಳನ್ನು ನಮ್ಮ ಸಂಘಗಳಿಗೆ ಕೇಳಿ ನೋಡೋಣ.

ಎಲ್ಲಿದೆ? ಮೂರನೆಯ ಮಹಡಿಯಲ್ಲಿ. ನೆಲಮಹಡಿ ಬಾಡಿಗೆ ತರುತ್ತದೆ, ಗ್ರಂಥಾಲಯ ತರುವುದಿಲ್ಲ. ಬೀದಿಯಲ್ಲಿ ಹೋಗುವವನಿಗೆ ಈ ಕಟ್ಟಡದಲ್ಲಿ ಪುಸ್ತಕಗಳಿವೆಯೆಂದು ತಿಳಿಸುವ ಒಂದು ಫಲಕವೂ ಇಲ್ಲ. ಇದ್ದರೂ ಮೊಣಕಾಲು ನೋವಿನ ಹಿರಿಯರಿಗೆ ಆ ಮೆಟ್ಟಿಲುಗಳೇ ಬೀಗ. ಯಾವಾಗ ತೆರೆದಿರುತ್ತದೆ? ಭಾನುವಾರ ಬೆಳಿಗ್ಗೆ ಎರಡು ಗಂಟೆ. ಅಂದು ಸಭಾಗೃಹದಲ್ಲಿ ಮದುವೆಯಿದ್ದರೆ ಅದೂ ಇಲ್ಲ. ಪೀಠೋಪಕರಣ? ಬೀಗ ಹಾಕುವ ಉಕ್ಕಿನ ಕಪಾಟು. ಪುಸ್ತಕದ ಬೆನ್ನು ಕಾಣದ, ಕೈಗೆ ಎಟುಕದ, ಕಳವಾಗದಿರುವುದೇ ಪರಮ ಗುರಿಯಾದ ಕಪಾಟು. ಕೂತು ಓದಲು ಮೇಜೆಂದರೆ ಕಾರ್ಯಕಾರಿ ಸಮಿತಿಯ ಸಭೆಯ ಮೇಜು. ಇನ್ನು ಮನುಷ್ಯ? ಗ್ರಂಥಪಾಲರೆಂಬ ಹುದ್ದೆಯೇ ಇಲ್ಲ. 'ಗ್ರಂಥಾಲಯ ಉಪಸಮಿತಿಯ ಸಂಚಾಲಕ'ರೆಂಬ ಪದವಿಯುಂಟು; ಚುನಾವಣೆಯಲ್ಲಿ ಸೋತವರ ಸಮಾಧಾನಕ್ಕೆ ಅದು ಒದಗುತ್ತದೆ. ನಾಲ್ಕಕ್ಕೆ ನಾಲ್ಕು ಪ್ರಶ್ನೆಗಳಲ್ಲಿಯೂ ನಪಾಸಾದದ್ದನ್ನು ಗ್ರಂಥಾಲಯವೆನ್ನುವುದಕ್ಕಿಂತ ಪುಸ್ತಕಗಳ ಉಗ್ರಾಣವೆನ್ನುವುದು ಪ್ರಾಮಾಣಿಕವಾದೀತು.

*

ಹೊರನಾಡಿನಲ್ಲಿ ಕನ್ನಡದ ಓದು ಹುಟ್ಟಿದ್ದು ಹೇಗೆಂಬುದನ್ನು ಮರೆತದ್ದರಿಂದಲೇ ಈ ಸ್ಥಿತಿ ಬಂದಿದೆ. ಮುಂಬಯಿಯಲ್ಲಿ ಕನ್ನಡವನ್ನು ಕಟ್ಟಿದವರು ಬಂಗಲೆಗಳವರಲ್ಲ. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು, ಕೆಲಸ ಮುಗಿಸಿ ಕನ್ನಡ ರಾತ್ರಿಶಾಲೆಗಳಿಗೆ ಹೋದರು. ಅಲ್ಲಿ ಕಲಿತವರು ಮುಂದೆ ಗುಮಾಸ್ತರಾದರು, ವಕೀಲರಾದರು, ಹೋಟೆಲಿನ ಮಾಲೀಕರಾದರು, ಲೇಖಕರಾದರು, ನಮ್ಮ ಸಂಘಗಳ ಅಧ್ಯಕ್ಷರೂ ಆದರು. ಆ ರಾತ್ರಿಶಾಲೆಗಳು ಹುಡುಗನಿಗೆ ಸಮಯವಾದಾಗ ತೆರೆದವು. ಆತನ ಯಜಮಾನನಿಗೆ ಅನುಕೂಲವಾದಾಗ ಅಲ್ಲ. ಅವನು ಯಾವ ಸಂಘದ ಆಜೀವ ಸದಸ್ಯನೆಂದು ಯಾರೂ ಕೇಳಲಿಲ್ಲ. ಆ ವಿದ್ಯೆಯ ಫಲವನ್ನುಂಡ ತಲೆಮಾರು ಇಂದು ತನ್ನ ಗ್ರಂಥಾಲಯದ ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಿಂತಿರುವುದು ಇತಿಹಾಸದ ಕ್ರೂರ ವ್ಯಂಗ್ಯ.

ಇದಕ್ಕೂ ಹಿಂದೆ ಹೋದರೆ ಗಳಗನಾಥರಿದ್ದಾರೆ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಆ ಮಹನೀಯರು ಪುಸ್ತಕ ಬರೆದು ಮನೆಯಲ್ಲಿ ಕೂರಲಿಲ್ಲ. ಹೊರೆ ಹೊತ್ತು ಊರೂರು ಅಲೆದು ಮಾರಿದರು. ಕನ್ನಡಕ್ಕೆ ಓದುಗರು ಇದ್ದಾರೋ ಇಲ್ಲವೋ ಎಂಬ ಸಮೀಕ್ಷೆಯನ್ನು ಅವರು ನಡೆಸಲಿಲ್ಲ. ಓದುಗರ ಬಾಗಿಲಿಗೆ ಹೋದರು, ಓದುಗರು ಹುಟ್ಟಿದರು. 1931ರಲ್ಲಿ ಮನ್ನಾರ್‌ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೋದವು. ಬರೋಡೆಯ ಸಯಾಜಿರಾವ್ ಮಹಾರಾಜರು ಅದಕ್ಕೂ ಮುಂಚೆಯೇ ತಮ್ಮ ಸಂಸ್ಥಾನದ ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕ ತುಂಬಿ ಕಳಿಸುವ ಏರ್ಪಾಟು ಮಾಡಿದ್ದರು. ಅಂದಿನ ಸಾಧನ ಎತ್ತಿನ ಗಾಡಿ, ಮರದ ಪೆಟ್ಟಿಗೆ. ನಮ್ಮಲ್ಲಿ ಲಿಫ್ಟುಗಳಿವೆ, ಟೆಂಪೊಗಳಿವೆ, ಠೇವಣಿಗಳಿವೆ. ಇಲ್ಲದಿರುವುದು ಓದುಗನ ಕಡೆಗೆ ಒಂದು ಹೆಜ್ಜೆ ಇಡುವ ಮನಸ್ಸು.

*

ಗ್ರಂಥಾಲಯವೆಂದರೆ ದಾನಿಗಳ ಕೃಪೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ. ಸಂಸ್ಥಾನವಾಗಿದ್ದ ಕೊಲ್ಹಾಪುರ 1945ರಲ್ಲಿಯೇ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಮಾಡಿತ್ತು. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯಿದೆ 1948ರ ಮದರಾಸಿನದು. ಅದರ ಹಿಂದೆ ರಂಗನಾಥನ್ನರ ದುಡಿಮೆಯಿತ್ತು. ಆಗ ದಕ್ಷಿಣ ಕನ್ನಡ, ಬಳ್ಳಾರಿಗಳೂ ಮದರಾಸಿನ ಆಡಳಿತದಲ್ಲಿದ್ದವು ಎಂಬುದನ್ನು ನೆನೆಯಬೇಕು. ನಮ್ಮ ಕರಾವಳಿಯ ಹಿರಿಯರು ಮುಂಬಯಿಯ ರೈಲು, ಹಡಗು ಹತ್ತುತ್ತಿದ್ದ ಕಾಲಕ್ಕೆ ಅವರ ಊರುಗಳಲ್ಲಿ ಓದು ಒಂದು ಕಾನೂನಿನ ವಿಷಯವಾಗಿತ್ತು. ಮೈಸೂರು ರಾಜ್ಯದ ಕಾಯಿದೆ 1965ರಲ್ಲಿ, ಮಹಾರಾಷ್ಟ್ರದ್ದು 1967ರಲ್ಲಿ ಬಂದವು.

ಈ ಕಾಯಿದೆಗಳ ನಡುವಿನ ಒಂದು ವ್ಯತ್ಯಾಸ ನಮಗೆ ಮುಖ್ಯವಾದುದು. ಮದರಾಸು, ಮೈಸೂರು ರಾಜ್ಯಗಳು ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವನ್ನು ಹಾಕಿ, ಸರ್ಕಾರವೇ ಗ್ರಂಥಾಲಯಗಳನ್ನು ನಡೆಸುವ ದಾರಿ ಹಿಡಿದವು. ಮಹಾರಾಷ್ಟ್ರ ಕರ ಹಾಕಲಿಲ್ಲ. ಸಂಘ ಸಂಸ್ಥೆಗಳು ನಡೆಸುವ ಗ್ರಂಥಾಲಯಗಳಿಗೆ ಸಾರ್ವಜನಿಕ ಗ್ರಂಥಾಲಯಗಳೆಂದು ಮಾನ್ಯತೆ ನೀಡಿ, ಅವುಗಳನ್ನು ನಾಲ್ಕು ವರ್ಗಗಳಲ್ಲಿ ವಿಂಗಡಿಸಿ, ವರ್ಗಕ್ಕೆ ತಕ್ಕಂತೆ ಅನುದಾನ ಕೊಡುವ ಪದ್ಧತಿಯನ್ನು ಅದು ಆರಿಸಿಕೊಂಡಿತು. ಇದಕ್ಕೆ ಕಾರಣವೂ ಸ್ಪಷ್ಟ. ಪುಣೆಯ ನಗರ ವಾಚನ ಮಂದಿರ 1848ರದು, ಠಾಣೆಯ ಮರಾಠಿ ಗ್ರಂಥ ಸಂಗ್ರಹಾಲಯ 1893ರದು, ಮುಂಬಯಿಯ ಮರಾಠಿ ಗ್ರಂಥ ಸಂಗ್ರಹಾಲಯ 1898ರದು. ಸರ್ಕಾರ ಬರುವ ಮುಂಚೆಯೇ ಸಮಾಜ ಗ್ರಂಥಾಲಯಗಳನ್ನು ಕಟ್ಟಿಕೊಂಡಿತ್ತು. ಸರ್ಕಾರ ಅದಕ್ಕೆ ಕೈಜೋಡಿಸಿತು.

ಅಂದರೆ ನಮ್ಮ ಸಂಘಗಳಂಥ ಸಂಸ್ಥೆಗಳು ಸಾರ್ವಜನಿಕ ಗ್ರಂಥಾಲಯ ನಡೆಸಬೇಕೆಂಬುದೇ ನಾವು ಬಾಳುತ್ತಿರುವ ರಾಜ್ಯದ ಕಾಯಿದೆಯ ತಿರುಳು. ಮಾನ್ಯತೆ ಬೇಕೆಂದರೆ ನೋಂದಣಿ ಇರಬೇಕು, ಪುಸ್ತಕಗಳ ದಾಖಲೆ ಇರಬೇಕು, ಲೆಕ್ಕ ಪರಿಶೋಧನೆಯಾಗಬೇಕು, ಸರ್ಕಾರದ ತಪಾಸಣೆಗೆ ಬಾಗಿಲು ತೆರೆದಿರಬೇಕು, ಸಾರ್ವಜನಿಕರಿಗೂ ತೆರೆದಿರಬೇಕು. ನಮ್ಮ ಮಹಾಸಭೆಗಳಲ್ಲಿ ಈ ಪ್ರಸ್ತಾವ ಬಂದಾಗಲೆಲ್ಲ ಕೇಳಿಬರುವ ಉತ್ತರ ಒಂದೇ: "ಸರ್ಕಾರದವರ ಕಾಟ ಯಾರಿಗೆ ಬೇಕು? ಕೊಡುವುದು ಪುಡಿಗಾಸು." ಅನುದಾನ ಸಾಲದು, ತಡವಾಗಿ ಬರುತ್ತದೆ ಎಂಬ ದೂರು ಮರಾಠಿ ಗ್ರಂಥಾಲಯಗಳ ಕಾರ್ಯಕರ್ತರಿಂದಲೇ ಎಷ್ಟೋ ವರ್ಷಗಳಿಂದ ಕೇಳಿಬರುತ್ತಿದೆ, ಅದು ಸುಳ್ಳಲ್ಲ. ಆದರೆ ನಾವು ಹಿಂಜರಿಯುವುದು ಹಣ ಕಡಿಮೆಯೆಂದಲ್ಲ. ಕಟ್ಟಡಕ್ಕಾಗಿ ಬೆಂಗಳೂರಿನ ವಿಧಾನಸೌಧದ ಮೆಟ್ಟಿಲುಗಳನ್ನು ಸವೆಸುವಾಗ ನಮಗೆ ಸರ್ಕಾರದ ಕಾಟ ಅನ್ನಿಸುವುದಿಲ್ಲ. ತಪಾಸಕ ಬಂದು 'ನಿನ್ನೆ ಎಷ್ಟು ಜನ ಓದುಗರು ಬಂದರು?' ಎಂದು ಕೇಳುತ್ತಾನಲ್ಲ, ಕಾಟವಿರುವುದು ಆ ಪ್ರಶ್ನೆಯಲ್ಲಿ.

ಇನ್ನೊಂದು ಕಾನೂನಿನ ಕಥೆ ಇದಕ್ಕಿಂತ ಮಾರ್ಮಿಕವಾದದ್ದು. 1954ರಲ್ಲಿ ಸಂಸತ್ತು ಒಂದು ಕಾಯಿದೆ ಮಾಡಿತು. ಪ್ರಕಾಶಕರು ತಾವು ಪ್ರಕಟಿಸಿದ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಸ್ವಂತ ಖರ್ಚಿನಲ್ಲಿ ಕಲಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೆ, ಮತ್ತು ಒಂದೊಂದು ಪ್ರತಿಯನ್ನು ಗೊತ್ತುಪಡಿಸಿದ ಇತರ ಮೂರು ಗ್ರಂಥಾಲಯಗಳಿಗೆ ಕಳಿಸಬೇಕು. ಆ ಮೂರು ಯಾವುವು? ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬಯಿಯ ಕೇಂದ್ರ ಗ್ರಂಥಾಲಯ, ದೆಹಲಿ ಸಾರ್ವಜನಿಕ ಗ್ರಂಥಾಲಯ. ಹೊರನಾಡ ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿದ ಮೂರು ಮಹಾನಗರಗಳು! ಗದಗಿನಲ್ಲಿ ಅಚ್ಚಾದ ಕವನ ಸಂಕಲನವಾಗಲಿ, ಸಾಗರದಲ್ಲಿ ಪ್ರಕಟವಾದ ಪ್ರಬಂಧ ಸಂಗ್ರಹವಾಗಲಿ, ಕಾಯಿದೆಯ ಪ್ರಕಾರ ನಮ್ಮ ಊರಿಗೆ ಬರಲೇಬೇಕು. ಬಹುಪಾಲು ಬರುವುದಿಲ್ಲ. ತಪ್ಪಿದ ಪ್ರಕಾಶಕನಿಗೆ ಕಾಯಿದೆ ಆಗ ಗೊತ್ತುಮಾಡಿದ್ದು 50 ರೂಪಾಯಿಯವರೆಗಿನ ದಂಡ ಮತ್ತು ಪುಸ್ತಕದ ಬೆಲೆ. ಇದಕ್ಕೆ ಹೆದರುವವರು ಯಾರು?

ಆದರೆ ಪ್ರಕಾಶಕರನ್ನು ದೂರುವ ಮುಂಚೆ ನಮ್ಮನ್ನು ಕೇಳಿಕೊಳ್ಳೋಣ. ನಮ್ಮ ನಗರದಲ್ಲಿ ಕನ್ನಡದ ಹೊಸ ಪುಸ್ತಕಗಳು ಕಾನೂನುಬದ್ಧವಾಗಿ ಇರಬೇಕಾದ ಒಂದು ತಾಣವಿದೆಯೆಂದು ನಮ್ಮ ಎಷ್ಟು ಸಂಘಗಳಿಗೆ ಗೊತ್ತು? ಅಲ್ಲಿನ ಕನ್ನಡ ವಿಭಾಗಕ್ಕೆ ಕನ್ನಡ ಬಲ್ಲ ಸಿಬ್ಬಂದಿ ಬೇಕೆಂದು, ಬಂದ ಪುಸ್ತಕಗಳ ಪಟ್ಟಿಯಾಗಬೇಕೆಂದು ನಾವು ಎಷ್ಟು ಬಾರಿ ಮನವಿ ಕೊಟ್ಟಿದ್ದೇವೆ? ರಾಜ್ಯೋತ್ಸವದ ವೇದಿಕೆಯಲ್ಲಿ ಕನ್ನಡಕ್ಕಾಗಿ ರಕ್ತ ಕೊಡಲು ಸಿದ್ಧರಾದವರು ಒಂದು ಅರ್ಜಿ ಬರೆಯಲು ಸಿದ್ಧರಿಲ್ಲ. ಹಕ್ಕನ್ನು ಕೇಳುವವರಿಲ್ಲದಿದ್ದರೆ ಅದು ಹಾಳೆಯ ಮೇಲಿನ ಮಸಿಯಾಗಿಯೇ ಉಳಿಯುತ್ತದೆ.

*

ನಮ್ಮ ನೆರೆಯಲ್ಲಿಯೇ ಒಂದು ಸಾರ್ವಜನಿಕ ಗ್ರಂಥಾಲಯ ತೆರೆದ ಬಗೆಯನ್ನು ಇಲ್ಲಿ ನೋಡಬೇಕು. ಸಾತಾರಾ ಜಿಲ್ಲೆಯ ಭಿಲಾರ್, ಪಂಚಗಣಿಗೂ ಮಹಾಬಳೇಶ್ವರಕ್ಕೂ ನಡುವಿನ ಒಂದು ಗುಡ್ಡದ ಹಳ್ಳಿ. ಸ್ಟ್ರಾಬೆರಿ ಬೆಳೆಗೆ ಹೆಸರಾದದ್ದು. 2017ರ ಮೇ 4ರಂದು ಅದು 'ಪುಸ್ತಕಗಳ ಊರು' ಎಂದು ಘೋಷಿತವಾಯಿತು. ವೇಲ್ಸ್‌ನ ಹೇ ಆನ್ ವೈ ಎಂಬ ಪುಸ್ತಕದ ಅಂಗಡಿಗಳ ಊರು ಅದಕ್ಕೆ ಪ್ರೇರಣೆ. ಆದರೆ ಭಿಲಾರ್‌ನಲ್ಲಿ ಪುಸ್ತಕ ಮಾರಾಟದ ಸರಕಲ್ಲ. ಸುಮಾರು 15,000 ಮರಾಠಿ ಪುಸ್ತಕಗಳನ್ನು ಊರಿನ 25 ತಾಣಗಳಲ್ಲಿ ಹಂಚಿಟ್ಟರು. ಮನೆಗಳ ಪಡಸಾಲೆ, ವಸತಿಗೃಹ, ಶಾಲೆ, ದೇವಾಲಯ, ಹೀಗೆ ಊರೇ ಗ್ರಂಥಾಲಯವಾಯಿತು. ಒಂದು ಮನೆಯಲ್ಲಿ ಕಾದಂಬರಿ, ಇನ್ನೊಂದರಲ್ಲಿ ಸಂತ ಸಾಹಿತ್ಯ, ಮತ್ತೊಂದರಲ್ಲಿ ಮಕ್ಕಳ ಪುಸ್ತಕ. ಬಂದವರು ಕೂತು ಓದಬಹುದು, ಹಣ ಕೊಡಬೇಕಾಗಿಲ್ಲ.

ಅಲ್ಲಿಯೂ ಉದ್ಘಾಟನೆಯಾಯಿತು, ಮುಖ್ಯಮಂತ್ರಿಗಳೇ ಬಂದಿದ್ದರು. ಆ ಯೋಜನೆಯಲ್ಲಿ ಪ್ರವಾಸೋದ್ಯಮದ ಲೆಕ್ಕಾಚಾರವಿಲ್ಲವೆಂದು ಹೇಳುವಷ್ಟು ಮುಗ್ಧತೆ ಬೇಡ. ಸರ್ಕಾರದ ಪ್ರದರ್ಶನಪ್ರಿಯತೆ ಅಲ್ಲಿಯೂ ಇದೆ. ಆದರೂ ಭಿಲಾರ್ ನಮಗೆ ಕಲಿಸುವ ಪಾಠವೊಂದಿದೆ. ಆ ಊರಿನ ರೈತ ತನ್ನ ಮನೆಯ ಪಡಸಾಲೆಯನ್ನು ಅಪರಿಚಿತನಿಗೆ ತೆರೆದ. ಪುಸ್ತಕ ಕಳವಾದೀತು, ನೆಲ ಕೊಳೆಯಾದೀತು, ಬರುವವನು ಯಾವ ಜಾತಿಯವನೋ ಎಂಬ ಆತಂಕಗಳನ್ನು ದಾಟಿದ ಮೇಲಷ್ಟೇ ಹಾಗೆ ಬಾಗಿಲು ತೆರೆಯಲಾಗುತ್ತದೆ. ರೈತನೊಬ್ಬ ಸ್ವಂತ ಮನೆಯಲ್ಲಿ ಮಾಡಬಲ್ಲದ್ದನ್ನು, ಸಾರ್ವಜನಿಕರ ದೇಣಿಗೆಯಿಂದ ಕಟ್ಟಿದ ಸಾರ್ವಜನಿಕ ನ್ಯಾಸದ ಕಟ್ಟಡದಲ್ಲಿ ನಾವು ಮಾಡಲಾರೆವೆ? ಮರಾಠಿಗರ ಭಾಷಾಭಿಮಾನವನ್ನು ಅಣಕಿಸುವುದರಲ್ಲಿಯೋ, ಅದಕ್ಕೆ ಹೆದರುವುದರಲ್ಲಿಯೋ ಕಾಲ ಕಳೆಯುವ ನಾವು ಅವರಿಂದ ಇದನ್ನು ಕಲಿತಿದ್ದರೆ ಎಷ್ಟೋ ಲಾಭವಿತ್ತು.

*

ಈಗ ಎಲ್ಲರೂ ಕೊಡುವ ಕಾರಣಗಳಿಗೆ ಬರೋಣ. ಮೊದಲನೆಯದು: ಓದುವವರೇ ಇಲ್ಲ. ನಮ್ಮ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ, ಮೊಮ್ಮಕ್ಕಳಿಗೆ ಕನ್ನಡದ ಅಕ್ಷರವೇ ಬಾರದು, ಇನ್ನು ಗ್ರಂಥಾಲಯ ಯಾರಿಗಾಗಿ?

ಈ ಮಾತಿನಲ್ಲಿ 'ನಮ್ಮ' ಎಂಬ ಪದವನ್ನು ಪರೀಕ್ಷಿಸಬೇಕು. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದಲ್ಲಿ ಕನ್ನಡವನ್ನು ತಾಯಿನುಡಿಯೆಂದು ಬರೆಸಿದವರು ಸುಮಾರು ಹತ್ತು ಲಕ್ಷ. ಅವರಲ್ಲಿ ನಮ್ಮ ಸಂಘಗಳ ಸದಸ್ಯರೆಷ್ಟು? ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡಿಗರನ್ನು ಬಿಡಿ, ಅವರು ತಮ್ಮ ನೆಲದಲ್ಲಿಯೇ ಇರುವವರು. ಮುಂಬಯಿ, ಪುಣೆಗಳಲ್ಲಿ ಬೆಳಗಿನ ಏಳು ಗಂಟೆಗೆ ನಾಕಾಗಳಲ್ಲಿ ನಿಂತು ಅಂದಿನ ಕೂಲಿಗಾಗಿ ಕಾಯುವ ಬಿಗಾರಿಗಳ ಮಾತಿಗೆ ಕಿವಿಗೊಡಿ. ಕಲಬುರಗಿಯ, ಯಾದಗಿರಿಯ, ವಿಜಯಪುರದ ಕನ್ನಡ ಕೇಳಿಸುತ್ತದೆ. ನಾವು ವಾಸಿಸುವ ಕಟ್ಟಡಗಳ ಇಟ್ಟಿಗೆ ಹೊತ್ತವರು ಅವರು. ನಮ್ಮ ಸಂಘದ ಕಟ್ಟಡದ ಇಟ್ಟಿಗೆಯನ್ನೂ ಅವರೇ ಹೊತ್ತಿರಬಹುದು. ಕಟ್ಟಡ ಮುಗಿದ ಮೇಲೆ ಒಳಗೆ ಕಾಲಿಡುವ ಹಕ್ಕು ಅವರಿಗಿಲ್ಲ, ಏಕೆಂದರೆ ಅವರು ಸದಸ್ಯರಲ್ಲ.

ಅವರ ಮಕ್ಕಳ ಸ್ಥಿತಿಯನ್ನು ಯೋಚಿಸಿ. ಕರ್ನಾಟಕದಲ್ಲಿ 2019ರಲ್ಲಿ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಆಡಳಿತಕ್ಕೆ ಬಂದವು. 'ಅರಿವು ಕೇಂದ್ರ'ಗಳೆಂಬ ಹೆಸರೂ ಅವಕ್ಕೆ ಬಂತು. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತವಾಗಿ ಸದಸ್ಯತ್ವ ಕೊಡಲಾಯಿತು. ಎಲ್ಲ ಊರುಗಳಲ್ಲಿಯೂ ಅದು ಚೆನ್ನಾಗಿ ನಡೆದಿದೆಯೆಂದು ನಾನು ಹೇಳುತ್ತಿಲ್ಲ. ಆದರೆ ಯಾದಗಿರಿಯ ಹಳ್ಳಿಯಲ್ಲಿ ಪುಸ್ತಕಕ್ಕೆ ಹಕ್ಕುದಾರಳಾದ ಹುಡುಗಿ, ಸುಗ್ಗಿ ಮುಗಿದು ತಂದೆತಾಯಿಗಳೊಡನೆ ಪುಣೆಯ ಪತ್ರಾ ಶೆಡ್ಡಿಗೆ ಬಂದ ದಿನ ಆ ಹಕ್ಕನ್ನು ಕಳೆದುಕೊಳ್ಳುತ್ತಾಳೆ. ಇಲ್ಲಿನ ಶಾಲೆಯ ಭಾಷೆ ಅವಳಿಗೆ ತಿಳಿಯದು. ಅಲ್ಲಿ ಕಲಿತ ಅಕ್ಷರ ಇಲ್ಲಿ ಬಳಕೆಯಿಲ್ಲದೆ ಮಾಸಿಹೋಗುತ್ತದೆ. ಮೂರು ವರ್ಷ ಹೀಗೆ ಅಲೆದರೆ ಅವಳು ಎರಡೂ ಭಾಷೆಗಳಲ್ಲಿ ಅನಕ್ಷರಸ್ಥೆ. ಅವಳಿರುವ ಬೀದಿಯಿಂದ ಅರ್ಧ ಹರದಾರಿಯಲ್ಲಿ, ಉಕ್ಕಿನ ಕಪಾಟಿನೊಳಗೆ, ಮಕ್ಕಳ ಪುಸ್ತಕಗಳು ಗೆದ್ದಲಿಗೆ ಆಹಾರವಾಗುತ್ತಿರುತ್ತವೆ. ಓದುವವರಿಲ್ಲ ಎಂಬ ನಮ್ಮ ದುಃಖ ಆ ಕಪಾಟಿನ ಮುಂದೆಯೇ ನಿಂತು ಮಾಡಿದ ಭಾಷಣ.

ತಾಯಿನುಡಿಯನ್ನು ಕಾಪಾಡಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣ ದೊರೆಯುವಂತೆ ರಾಜ್ಯಗಳು ಯತ್ನಿಸಬೇಕೆಂದು 350ಎ ವಿಧಿ ಹೇಳುತ್ತದೆ. ಈ ವಿಧಿಗಳನ್ನು ನಾವು ಮನವಿಪತ್ರಗಳಲ್ಲಿ ಬಳಸುತ್ತೇವೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದಾಗ ಕಣ್ಣೀರು ಹಾಕುತ್ತೇವೆ. ಆದರೆ ಆ ಶಾಲೆಗಳಲ್ಲಿ ಉಳಿದಿರುವ ಮಕ್ಕಳು ಬಹುಮಟ್ಟಿಗೆ ಬಡವರ ಮಕ್ಕಳು. ಅವರಿಗೆ ಸಂಘದ ಗ್ರಂಥಾಲಯದ ಚೀಟಿ ಕೊಟ್ಟಿದ್ದೇವೆಯೇ? ಯುನೆಸ್ಕೊ ಸಂಸ್ಥೆಯ ಸಾರ್ವಜನಿಕ ಗ್ರಂಥಾಲಯ ಪ್ರಣಾಳಿಕೆ 1994ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾಗಿ ಬಂತು. ಭಾಷಾ ಅಲ್ಪಸಂಖ್ಯಾತರಂಥವರಿಗೆ ವಿಶೇಷ ಸೇವೆ ಒದಗಬೇಕೆಂದು ಅದು ಒತ್ತಿ ಹೇಳುತ್ತದೆ. ಇದನ್ನು ಓದುವಾಗ ನಮ್ಮನ್ನು ನಾವು ಅಲ್ಪಸಂಖ್ಯಾತರೆಂದು ಕಲ್ಪಿಸಿಕೊಂಡು ಸಂತೋಷಪಡುತ್ತೇವೆ. ನಮ್ಮೊಳಗಿನ ಅಲ್ಪರು ಯಾರೆಂಬುದನ್ನು ಮರೆಯುತ್ತೇವೆ.

ಇನ್ನು ನಮ್ಮ ಮನೆಗಳ ಮೊಮ್ಮಕ್ಕಳ ಮಾತು. ಅವರಿಗೆ ಅಕ್ಷರ ಬಾರದೆಂಬುದು ಗ್ರಂಥಾಲಯ ಬೇಡವೆನ್ನಲು ಕಾರಣವಾಗುವುದಾದರೆ, ರೋಗಿಗಳಿದ್ದಾರೆಂಬ ಕಾರಣಕ್ಕೆ ಆಸ್ಪತ್ರೆಯನ್ನು ಮುಚ್ಚಬಹುದು. ಮರಾಠಿ ಓದಲು ಬಲ್ಲ ಮಗು ಎಡದಿಂದ ಬಲಕ್ಕೆ ಓದುತ್ತದೆ, ಕಾಗುಣಿತದ ತತ್ತ್ವ ಅದಕ್ಕೆ ಆಗಲೇ ಗೊತ್ತು. ಕನ್ನಡದ ಆಕಾರಗಳನ್ನು ಕಲಿಯುವುದಷ್ಟೇ ಉಳಿದಿರುವುದು. ವಾರಕ್ಕೆರಡು ಸಂಜೆ, ಒಬ್ಬ ನಿವೃತ್ತ ಶಿಕ್ಷಕಿ, ದೊಡ್ಡ ಅಕ್ಷರದ ಪುಸ್ತಕಗಳು, ಓದಿ ಹೇಳುವ ಅಜ್ಜ ಅಜ್ಜಿಯರು, ಇಷ್ಟಿದ್ದರೆ ಸಾಕು.

ಎರಡನೆಯ ಕಾರಣ: ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ, ಪುಸ್ತಕ ಏಕೆ? ಮೊಬೈಲಿನಲ್ಲಿ ಕನ್ನಡದ ಹಾಡಿದೆ, ಹರಟೆಯಿದೆ, ಸಿನಿಮಾ ಇದೆ. ಅವೆಲ್ಲ ಕಿವಿಯ ಕನ್ನಡ. ಕಣ್ಣಿನ ಕನ್ನಡ ಕಳೆದುಹೋಗುತ್ತಿರುವ ಹೊತ್ತಿನಲ್ಲಿ ಅದು ಪರಿಹಾರವಾಗದು. ಅಕ್ಷರ ಬಲ್ಲವನಿಗೆ ಆ ಯಂತ್ರದಲ್ಲಿ ಹಳೆಯ ಪುಸ್ತಕಗಳೂ ಸಿಕ್ಕಾವು, ನಿಜ. ಆದರೆ ಪತ್ರಾ ಶೆಡ್ಡಿನಲ್ಲಿ ಮನೆಗೊಂದೇ ಮೊಬೈಲು. ಅದು ಬೆಳಗಿನಿಂದ ಸಂಜೆಯವರೆಗೆ ತಂದೆಯ ಜೇಬಿನಲ್ಲಿ ಕೆಲಸಕ್ಕೆ ಹೋಗಿರುತ್ತದೆ. ಅಲ್ಲದೆ ದೀಪದ ಕೆಳಗೆ ಹತ್ತು ಮಂದಿ ಸುಮ್ಮನೆ ಕೂತು ಓದುವ ಒಂದು ಜಾಗ ಯಾವ ಯಂತ್ರದೊಳಗೂ ಇಲ್ಲ. ಹತ್ತಡಿ ಕೋಣೆಯಲ್ಲಿ ಆರು ಮಂದಿ ಬಾಳುವ ನಗರದಲ್ಲಿ ಮೇಜು, ಕುರ್ಚಿ, ಬೆಳಕು, ಮೌನಗಳೇ ಗ್ರಂಥಾಲಯದ ಅರ್ಧ ಸಂಪತ್ತು.

ಮೂರನೆಯದು: ಹಣವಿಲ್ಲ. ಇದಕ್ಕೆ ಉತ್ತರ ನಿಮ್ಮ ಕೈಯಲ್ಲಿಯೇ ಇದೆ. ಮುಂದಿನ ಮಹಾಸಭೆಗೆ ಅಂಚೆಯಲ್ಲಿ ಬರುವ ವಾರ್ಷಿಕ ಲೆಕ್ಕಪತ್ರವನ್ನು ತೆರೆದು ಎರಡು ಸಾಲುಗಳನ್ನು ಹುಡುಕಿ: ಸಮಾರಂಭಗಳ ಖರ್ಚು ಒಂದು, ಪುಸ್ತಕ ಖರೀದಿ ಇನ್ನೊಂದು. ಎರಡನ್ನೂ ಸಭೆಯಲ್ಲಿ ಗಟ್ಟಿಯಾಗಿ ಓದಿ. ಬೇರೆ ಭಾಷಣ ಬೇಕಾಗುವುದಿಲ್ಲ.

ನಾಲ್ಕನೆಯ ಕಾರಣವನ್ನು ವೇದಿಕೆಯಲ್ಲಿ ಯಾರೂ ಹೇಳುವುದಿಲ್ಲ. ಸಮಿತಿಯ ಸಭೆಯಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. 'ಎಲ್ಲರಿಗೂ ತೆರೆದರೆ ಎಂಥೆಂಥವರೋ ಬರುತ್ತಾರೆ.' ಹೌದು, ಬರುತ್ತಾರೆ, ಬರಲೆಂದೇ ತೆರೆಯುವುದು. ಈ ದೇಶದಲ್ಲಿ ಅಕ್ಷರಕ್ಕೆ ಕಾವಲು ನಿಂತವರ ಪರಂಪರೆ ಉದ್ದವಾದದ್ದು. ಆ ಕಾವಲನ್ನು ಮುರಿದವರನ್ನು ನೆನೆದು ನಾವು ಜಯಂತಿಗಳನ್ನು ಆಚರಿಸುತ್ತೇವೆ. ಬಸವಣ್ಣನವರ ಭಾವಚಿತ್ರಕ್ಕೂ ಅಂಬೇಡ್ಕರರ ಭಾವಚಿತ್ರಕ್ಕೂ ಹಾರ ಹಾಕಿ, ಅವುಗಳ ಕೆಳಗಿನ ಬಾಗಿಲಿಗೆ 'ಸದಸ್ಯರಿಗೆ ಮಾತ್ರ' ಎಂಬ ಫಲಕ ತೂಗುಹಾಕುವುದು ಯಾವ ಬಗೆಯ ಕನ್ನಡ ಸಂಸ್ಕೃತಿ?

*

ಸಾರ್ವಜನಿಕ ಗ್ರಂಥಾಲಯವೆಂದ ಮೇಲೆ ಅಲ್ಲಿ ಕನ್ನಡ ಮಾತ್ರ ಇರಬೇಕೆಂಬ ಹಟವೂ ಸಲ್ಲದು. ಮನೆಮಾತು ಮರಾಠಿಯಾಗಿದ್ದ ಬೇಂದ್ರೆಯವರು ಕನ್ನಡದ ಕವಿಯಾದರು. 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಭೈರಪ್ಪನವರ ಕಾದಂಬರಿಗಳು ಉಮಾ ಕುಲಕರ್ಣಿಯವರ ಅನುವಾದದಿಂದ ಮರಾಠಿ ಓದುಗರ ಮನೆಮಾತಾದವು. ಯಶವಂತ ಚಿತ್ತಾಲರ 'ಶಿಕಾರಿ'ಯೂ ವ್ಯಾಸರಾಯ ಬಲ್ಲಾಳರ ಕಥೆಗಳೂ ಮುಂಬಯಿಯ ಬದುಕಿನಿಂದಲೇ ಹುಟ್ಟಿದವು. ಕನ್ನಡ ಮೂಲವೂ ಮರಾಠಿ ಅನುವಾದವೂ ಒಂದೇ ಕಪಾಟಿನಲ್ಲಿದ್ದರೆ ಪಕ್ಕದ ಚಾಳಿನ ಮರಾಠಿ ಗೃಹಿಣಿಯೂ ಬರುತ್ತಾಳೆ. ನಮ್ಮ ಮೊಮ್ಮಗನೂ ತನಗೆ ತಿಳಿದ ಲಿಪಿಯಿಂದ ಆರಂಭಿಸಿ ತಿಳಿಯದ ಲಿಪಿಗೆ ದಾಟುತ್ತಾನೆ. ಚೆನ್ನೈನಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು ಉರ್ದುಗಳಿಗೂ ಇದೇ ಮಾತು. ಕರ್ನಾಟಕದಲ್ಲಿ ಬಾಳುವ ಪರಭಾಷಿಕರು ಕನ್ನಡ ಕಲಿಯಲಿ ಎಂದು ಒತ್ತಾಯಿಸುವ ನಾವು, ಇಲ್ಲಿನ ನೆಲದ ನುಡಿಗೆ ನಮ್ಮ ಮನೆಯಲ್ಲಿ ಒಂದು ಕಪಾಟು ಕೊಡುವುದು ಔದಾರ್ಯವಲ್ಲ, ಬರಿಯ ನ್ಯಾಯ.

ಮಾಡಬೇಕಾದ್ದೇನು? ದೊಡ್ಡ ಯೋಜನೆಗಳೇನೂ ಬೇಡ. ಗ್ರಂಥಾಲಯವನ್ನು ಬೀದಿಗೆ ತೆರೆದ ನೆಲಮಹಡಿಗೆ ಇಳಿಸಿ, ಬಾಡಿಗೆ ಕಡಿಮೆಯಾಗಲಿ. ಕಪಾಟಿನ ಬಾಗಿಲುಗಳನ್ನು ಕಳಚಿ ಗುಜರಿಗೆ ಹಾಕಿ. ದಿನವೂ ಸಂಜೆ ಐದರಿಂದ ಒಂಬತ್ತರವರೆಗೆ, ಭಾನುವಾರ ಇಡೀ ದಿನ ತೆರೆದಿಡಿ. ಸಂಬಳ ಪಡೆಯುವ ಒಬ್ಬ ಗ್ರಂಥಪಾಲರನ್ನು ನೇಮಿಸಿ; ಗೌರವ ಸೇವೆಯ ಹೆಸರಿನಲ್ಲಿ ಯಾರ ಸಂಜೆಯನ್ನೂ ಕದಿಯಬೇಡಿ. ಓದಲು ಬರುವವರಿಂದ ಶುಲ್ಕ ಬೇಡ. ಮಕ್ಕಳಿಗೆ ಠೇವಣಿಯೂ ಬೇಡ. ವರ್ಷಕ್ಕೊಮ್ಮೆ ಪುಸ್ತಕ ಖರೀದಿ ಮಾಡಿ, ದಾನವಾಗಿ ಬಂದ ಕಟ್ಟುಗಳಲ್ಲಿ ಯಾರೂ ಓದದ ಅಭಿನಂದನ ಗ್ರಂಥಗಳನ್ನು ಒಳಗೆ ಬಿಟ್ಟುಕೊಳ್ಳದಿರುವ ಧೈರ್ಯವನ್ನೂ ಮಾಡಿ. ವಾರಕ್ಕೊಂದು ದಿನ ಎರಡು ಪೆಟ್ಟಿಗೆ ಪುಸ್ತಕಗಳು ಕಟ್ಟಡ ಕಾರ್ಮಿಕರ ವಸತಿಗಳಿಗೆ ಹೋಗಲಿ. ಸರ್ಕಾರದ ಮಾನ್ಯತೆಗೆ ಅರ್ಜಿ ಹಾಕಿ. ತಪಾಸಕ ಬಂದಾಗ ನಾಚಿಕೆಪಡದಂಥ ಹಾಜರಿ ಪುಸ್ತಕ ಮೇಜಿನ ಮೇಲಿರಲಿ.

ಕಳವಾಗುವ ಪುಸ್ತಕಗಳ ಚಿಂತೆ ಬೇಡ. ಕದ್ದವನು ಓದುತ್ತಾನೆ, ಇಲ್ಲವೇ ಓದುವವನಿಗೆ ಮಾರುತ್ತಾನೆ. ಬೀಗದೊಳಗಿನ ಪುಸ್ತಕವನ್ನು ಓದುವುದು ಗೆದ್ದಲು ಮಾತ್ರ.

ಇನ್ನು ಮುಂದೆ ಯಾವುದೇ ಸಂಘದಿಂದ ಗ್ರಂಥಾಲಯದ ಉದ್ಘಾಟನೆಯ ಆಮಂತ್ರಣ ಬಂದರೆ ಅದರಲ್ಲಿ ಮುಖ್ಯ ಅತಿಥಿಗಳ ಹೆಸರನ್ನು ಹುಡುಕಬೇಡಿ. ಮೂರು ವಿವರಗಳನ್ನು ಹುಡುಕಿ: ಮರುದಿನ ಎಷ್ಟು ಗಂಟೆಗೆ ತೆರೆಯುತ್ತದೆ, ತೆರೆಯುವವರು ಯಾರು, ಒಳಗೆ ಬರಲು ಯಾರಿಗೆ ಅನುಮತಿಯಿಲ್ಲ. ಮೊದಲೆರಡಕ್ಕೆ ಸ್ಪಷ್ಟ ಉತ್ತರವಿದ್ದು, ಮೂರನೆಯದಕ್ಕೆ 'ಯಾರೂ ಇಲ್ಲ' ಎಂದಿದ್ದರೆ ಹೋಗಿ, ಮನಸಾರೆ ಚಪ್ಪಾಳೆ ತಟ್ಟಿ, ಸಾಧ್ಯವಾದರೆ ಒಂದು ಒಳ್ಳೆಯ ಪುಸ್ತಕವನ್ನೂ ಒಯ್ಯಿರಿ. ಹಾಗಿಲ್ಲದಿದ್ದರೆ ಆಮಂತ್ರಣವನ್ನು ವಾಪಸು ಕಳಿಸಿ. ಊಟಕ್ಕಾಗಿ ಹೋಗಲು ಕಲ್ಯಾಣಮಂಟಪಗಳಿವೆ.